ವೋಲ್ಟೇಜ್ ಇದ್ದೂ ಲೈನ್ ಕುಸಿಯುವುದೇಕೆ: ಕಾರಟಗಿ–ಸಿಂಧನೂರು ಭಾಗದ ಫೀಡರ್‌ಗಳಿಗೆ ದೋಷ ನಿವಾರಣೆ ಕೈಪಿಡಿ

ಗಂಗಾವತಿ, ಕಾರಟಗಿ, ಸಿಂಧನೂರು, ಮಾನ್ವಿ ಭಾಗದ ಅಕ್ಕಿ ಗಿರಣಿಗಳ ಎಲೆಕ್ಟ್ರಿಷಿಯನ್ನರೂ ಉಪಕೇಂದ್ರಗಳ ಆಪರೇಟರುಗಳೂ ಒಂದೇ ದೂರನ್ನು ಬೇರೆ ಬೇರೆ ಮಾತಿನಲ್ಲಿ ಹೇಳುತ್ತಾರೆ. ತ್ರೀ ಫೇಸ್ ಕೊಟ್ಟಾಗ ವೋಲ್ಟೇಜ್ ಚೆನ್ನಾಗಿಯೇ ಇರುತ್ತದೆ. ಸ್ವಲ್ಪ ಹೊತ್ತಿಗೆ ಇಳಿಯಲು ಶುರುವಾಗಿ, ಒಮ್ಮೆ ಏರಿದಂತೆ ಕಂಡು, ಮತ್ತೆ ಇಳಿಯುತ್ತದೆ. ಆಮೇಲೆ ಯಾರೂ ಹೊಸ ಮೋಟಾರು ಹಚ್ಚದಿದ್ದರೂ ಒಂದೆರಡು ನಿಮಿಷದಲ್ಲಿ ದೀಪಗಳು ಕೆಂಪಾಗುತ್ತವೆ, ಮೋಟಾರುಗಳು ಗುಂಯ್ ಎನ್ನುತ್ತವೆ, ರಿಲೇ (ಕರೆಂಟ್ ಮಿತಿ ಮೀರಿದರೆ ಲೈನ್ ಕಡಿಯುವ ಸಾಧನ) ಬೀಳುತ್ತದೆ. ಮೋಟಾರುಗಳು ನಿಂತ ಮರುಕ್ಷಣ, ಅದೇ ಲೈನಿನಲ್ಲಿ ಉಳಿದುಕೊಂಡವರ ಮನೆಯಲ್ಲಿ ವೋಲ್ಟೇಜ್ ಮಿತಿ ಮೀರಿ ಜಿಗಿದು ಟಿವಿ, ಬಲ್ಬು ಸುಡುತ್ತವೆ.

ಲಾಗ್ ಪುಸ್ತಕದಲ್ಲಿ ಇದು ‘ಓವರ್‌ಲೋಡ್ ಟ್ರಿಪ್’ ಎಂದು ದಾಖಲಾಗುತ್ತದೆ. ಆ ಎರಡು ಪದಗಳಿಂದ ದೋಷ ಪತ್ತೆಯಾಗುವುದಿಲ್ಲ. ಇದು ವೋಲ್ಟೇಜ್ ಕುಸಿತ, ಅಂದರೆ ಲೈನ್ ಹೊರಬಲ್ಲ ಶಕ್ತಿಯ ಅಂಚನ್ನು ದಾಟಿದಾಗ ಆಗುವ ಜಾರಿಕೆ. ಈ ಅಂಚು ಎಷ್ಟು ಹತ್ತಿರದಲ್ಲಿದೆ ಎಂಬುದನ್ನು ವೋಲ್ಟ್‌ಮೀಟರಿನ ಅಂಕಿ ಹೇಳುವುದಿಲ್ಲ. ಒಂದು ಸಣ್ಣ ತಳ್ಳುವಿಕೆಗೆ ಆ ಅಂಕಿ ಎಷ್ಟು ಅಲುಗುತ್ತದೆ, ಅಲುಗಿದ್ದು ಎಷ್ಟು ಹೊತ್ತಿಗೆ ಮರಳುತ್ತದೆ ಎಂಬುದು ಹೇಳುತ್ತದೆ. ಈ ಕೈಪಿಡಿಯ ಪರೀಕ್ಷೆಗಳೆಲ್ಲ ಅದನ್ನೇ ಅಳೆಯುತ್ತವೆ.

ಮೊದಲು ಸುಲಭದ ದೋಷಗಳನ್ನು ತೆಗೆದುಹಾಕಿ

ಮೂರು ಫೇಸ್‌ಗಳನ್ನೂ ಒಟ್ಟಿಗೆ ಅಳೆಯಿರಿ. ಒಂದೇ ಫೇಸ್ ಕುಗ್ಗಿದ್ದರೆ ಜಂಪ್ ಸಡಿಲವಾಗಿದೆ, ಫ್ಯೂಸ್ ಹೋಗಿದೆ ಅಥವಾ ಎಬಿ ಸ್ವಿಚ್ಚಿನ (ಕಂಬದ ಮೇಲಿನ ಸ್ವಿಚ್ಚಿನ) ಒಂದು ಬ್ಲೇಡ್ ಸರಿಯಾಗಿ ಕೂತಿಲ್ಲ. ಒಂದು ಫೇಸ್ ಕುಗ್ಗಿ ಇನ್ನೊಂದು ಏರಿದ್ದರೆ ನ್ಯೂಟ್ರಲ್ ತುಂಡಾಗಿದೆ ಎಂದು ಶಂಕಿಸಿ, ಟಿಸಿಯ (ಊರಿನ ಟ್ರಾನ್ಸ್‌ಫಾರ್ಮರಿನ) ಹತ್ತಿರದಿಂದ ಹುಡುಕಿ. ಇವು ಲೋಡ್ ಕಡಿಮೆಯಿರುವಾಗಲೂ ಕಾಣಿಸಿಕೊಳ್ಳುವ ದೋಷಗಳು. ಮೂರೂ ಫೇಸ್ ಸರಿಸುಮಾರು ಸಮವಾಗಿ ಇಳಿಯುತ್ತಿದ್ದರೆ, ಇಳಿತ ಹೊತ್ತಿನೊಂದಿಗೆ ಬೆಳೆಯುತ್ತಿದ್ದರೆ ಮಾತ್ರ ಮುಂದಕ್ಕೆ ಓದಿ.

ಇನ್ನೊಂದು ತಪ್ಪು ಊಹೆಯನ್ನೂ ಇಲ್ಲೇ ಬದಿಗಿಡಬೇಕು. ಶಕ್ತಿನಗರದ ಚಿಮಣಿ ಕಾಣುವ ಊರಿನಲ್ಲೇ ವೋಲ್ಟೇಜ್ ಇಲ್ಲವೆಂದರೆ ಜನರಿಗೆ ಸಿಟ್ಟು ಬರುವುದು ನ್ಯಾಯವೇ. ಶಕ್ತಿನಗರದಲ್ಲಿ 1,720 ಮೆಗಾವಾಟ್, ಕುಡತಿನಿಯಲ್ಲಿ 1,700, ಯರಮರಸ್‌ನಲ್ಲಿ 1,600 ಮೆಗಾವಾಟ್ ಸಾಮರ್ಥ್ಯವಿದೆ. 2013ರ ಡಿಸೆಂಬರ್ 31ರಂದು ರಾಯಚೂರು–ಸೋಲಾಪುರ 765 ಕೆವಿ ಮಾರ್ಗ ಚಾಲೂ ಆದ ಮೇಲೆ ದಕ್ಷಿಣದ ಜಾಲ ದೇಶದ ಜಾಲದೊಂದಿಗೆ ಒಂದಾಯಿತು. ಉತ್ಪಾದನೆ ಸಾಲದಿದ್ದರೆ ಕುಗ್ಗುವುದು ಫ್ರೀಕ್ವೆನ್ಸಿ, ಮತ್ತು ಅದು ದೇಶಕ್ಕೆಲ್ಲ ಒಂದೇ. ವೋಲ್ಟೇಜ್ ಹಾಗಲ್ಲ, ಅದು ಊರೂರಿನ ಲೆಕ್ಕ. ಮೋಟಾರಿನ ಕಾಂತಕ್ಷೇತ್ರ ಕಟ್ಟಲು ಬೇಕಾದ ರಿಯಾಕ್ಟಿವ್ ಪವರ್ ದೂರ ಸಾಗಿದಷ್ಟೂ ದಾರಿಯಲ್ಲೇ ಕರಗುತ್ತದೆ. ಸಾಗುವಾಗಲೇ ಅದು ವೋಲ್ಟೇಜನ್ನೂ ತಿನ್ನುತ್ತದೆ. ಹೀಗಾಗಿ ಪಕ್ಕದಲ್ಲಿ ಎಷ್ಟೇ ದೊಡ್ಡ ಸ್ಥಾವರವಿದ್ದರೂ, 11 ಕೆವಿ ಸಣ್ಣ ತಂತಿಯ ಕೊನೆಯ ಕಂಬದಲ್ಲಿ ಅದರ ಬಲ ಕಾಣುವುದಿಲ್ಲ. ಫ್ರೀಕ್ವೆನ್ಸಿ ಮೀಟರ್ 50ರ ಹತ್ತಿರವೇ ಇದ್ದರೆ ದೋಷವನ್ನು ನಿಮ್ಮ ಫೀಡರಿನಲ್ಲೋ (ಉಪಕೇಂದ್ರದಿಂದ ಹೊರಡುವ 11 ಕೆವಿ ಲೈನಿನಲ್ಲೋ) ಅದಕ್ಕೆ ಉಣಿಸುವ 33 ಕೆವಿ ಮಾರ್ಗದಲ್ಲೋ ಹುಡುಕಿ.

ಅಂಚು ಎಂದರೆ ಏನು: ಒಂದು ಲೆಕ್ಕ

ಉದಾಹರಣೆಗೆ ಒಂದು ಫೀಡರ್ ತೆಗೆದುಕೊಳ್ಳೋಣ. ವೀಸಲ್ ಎಂಬ ಸಣ್ಣ ತಂತಿ, 14 ಕಿಲೋಮೀಟರ್, ಲೋಡ್ ಎಲ್ಲ ಕೊನೆಯಲ್ಲಿ, ಪವರ್ ಫ್ಯಾಕ್ಟರ್ (ಎಳೆದ ಒಟ್ಟು ಶಕ್ತಿಯಲ್ಲಿ ಕೆಲಸಕ್ಕೆ ಬರುವ ಪಾಲು) 0.8. ವೀಸಲ್‌ನ ರೋಧ 20 ಡಿಗ್ರಿ ಉಷ್ಣತೆಯಲ್ಲಿ ಕಿಲೋಮೀಟರಿಗೆ ಸುಮಾರು 0.91 ಓಮ್. ರಿಯಾಕ್ಟೆನ್ಸ್ ಸುಮಾರು 0.37 ಎಂದಿಟ್ಟುಕೊಳ್ಳಿ. ಉಪಕೇಂದ್ರದಲ್ಲಿ 11 ಕೆವಿ ಅಲುಗದೆ ನಿಂತಿದೆ ಎಂದೂ ಭಾವಿಸೋಣ.

1 ಎಂವಿಎ (ಸಾವಿರ ಕೆವಿಎ) ಎಳೆದಾಗ ಕೊನೆಯಲ್ಲಿ ವೋಲ್ಟೇಜ್ ಸುಮಾರು 13 ಶೇಕಡಾ ಇಳಿಯುತ್ತದೆ. 1.5ಕ್ಕೆ 21 ಶೇಕಡಾ. 2 ಎಂವಿಎಗೆ 34 ಶೇಕಡಾ. 2.25 ಎಂವಿಎ ಹಾಕಿ ನೋಡಿದರೆ ಸಮೀಕರಣಕ್ಕೆ ಉತ್ತರವೇ ಇಲ್ಲ! ಅಷ್ಟು ಶಕ್ತಿಯನ್ನು ಆ ತಂತಿ ಯಾವ ವೋಲ್ಟೇಜಿನಲ್ಲೂ ಕೊಡಲಾರದು. ಎರಡು ಎಂವಿಎ ತನಕ ಸಮೀಕರಣಕ್ಕೆ ಎರಡು ಉತ್ತರಗಳಿದ್ದವು: ಮೇಲಿನದು ನಾವು ಬದುಕುವ ನೆಲೆ, ಕೆಳಗಿನದು ಕಡಿಮೆ ವೋಲ್ಟೇಜಿನ, ಭಾರೀ ಕರೆಂಟಿನ ನೆಲೆ. ಲೋಡ್ ಏರುತ್ತಾ ಹೋದಂತೆ ಅವೆರಡೂ ಒಂದನ್ನೊಂದು ಸಮೀಪಿಸಿ, 2.23ರಲ್ಲಿ ಕೂಡಿ, ಒಟ್ಟಿಗೆ ಅಳಿಸಿಹೋಗುತ್ತವೆ. ಗಣಿತದವರು ಇದನ್ನು ಸ್ಯಾಡಲ್–ನೋಡ್ ಬೈಫರ್ಕೇಷನ್ ಎನ್ನುತ್ತಾರೆ. ನಮಗೆ ಬೇಕಾದ ವಿಷಯವೆಂದರೆ, ಮೊದಲ ಅರ್ಧ ಎಂವಿಎಗೆ ಏನೂ ಆಗದ ಲೈನ್ ಕೊನೆಯ ಕಾಲು ಎಂವಿಎಗೆ ನೆಲ ಕಚ್ಚುತ್ತದೆ. ನಿನ್ನೆ ಒಂದು ಪಂಪ್‌ಸೆಟ್‌ಗೆ ಎರಡು ವೋಲ್ಟ್ ಇಳಿದಿತ್ತು, ಇವತ್ತೂ ಅಷ್ಟೇ ಇಳಿಯುತ್ತದೆ ಎಂಬ ತ್ರೈರಾಶಿ ಇಲ್ಲಿ ನಡೆಯುವುದಿಲ್ಲ.

ಇದೇ ಲೆಕ್ಕದಲ್ಲಿ ಲಾಗ್ ಪುಸ್ತಕದ ಗೊಂದಲಕ್ಕೂ ಉತ್ತರವಿದೆ. 2 ಎಂವಿಎ ಹೊತ್ತಿಗೆ ಕರೆಂಟ್ 158 ಆಂಪಿಯರ್ ಆಗಿರುತ್ತದೆ. ವೋಲ್ಟೇಜ್ ಪೂರ್ತಿ ಇದ್ದಿದ್ದರೆ ಅದೇ ಲೋಡಿಗೆ 105 ಸಾಕಾಗುತ್ತಿತ್ತು. ಆಪರೇಟರ್ ನೋಡುವುದು ಆಂಪಿಯರ್ ಏರಿದ್ದನ್ನು, ಬೀಳುವುದು ಓವರ್‌ಕರೆಂಟ್ ರಿಲೇ. ಹೆಚ್ಚಿನ ಆ 53 ಆಂಪಿಯರ್ ಯಾವ ಹೊಸ ಮೋಟಾರಿನದೂ ಅಲ್ಲ, ಕುಸಿತದ್ದೇ. ಬೇಸಿಗೆಯಲ್ಲಿ ಅಂಚು ಇನ್ನೂ ಹತ್ತಿರ ಬರುತ್ತದೆ. ತಂತಿ 60 ಡಿಗ್ರಿಗೆ ಕಾದರೆ ಅದರ ರೋಧ 20 ಡಿಗ್ರಿಯಲ್ಲಿದ್ದದ್ದಕ್ಕಿಂತ ಸುಮಾರು 16 ಶೇಕಡಾ ಹೆಚ್ಚು. ರಾಯಚೂರಿನ ಏಪ್ರಿಲ್ ಮಧ್ಯಾಹ್ನದಲ್ಲಿ ಲೋಡ್ ಹೊತ್ತ ತಂತಿ ಅಷ್ಟು ಕಾಯುವುದು ದೊಡ್ಡ ಮಾತಲ್ಲ.

ದಾಖಲೆ

ಎನರ್ಜಿ ಮೀಟರಿನ ಲೋಡ್ ಸರ್ವೆಯನ್ನು ನಂಬಿ ಕೂರಬೇಡಿ. ಅದು 15 ಅಥವಾ 30 ನಿಮಿಷದ ಸರಾಸರಿ, ಕುಸಿತ ಮುಗಿಯುವುದು ಅದಕ್ಕಿಂತ ಬೇಗ. ದೂರು ಬರುವ ಹೊತ್ತಿಗೆ ಅರ್ಧ ಗಂಟೆ ಮೊದಲೇ ಶುರುಮಾಡಿ, ನಿಮಿಷಕ್ಕೊಮ್ಮೆ 33 ಕೆವಿ ಬದಿಯ ವೋಲ್ಟೇಜ್, 11 ಕೆವಿ ಬಸ್ (ಫೀಡರುಗಳೆಲ್ಲ ಹೊರಡುವ ಪಟ್ಟಿ) ವೋಲ್ಟೇಜ್, ಫೀಡರ್ ಕರೆಂಟ್, ಪವರ್ ಫ್ಯಾಕ್ಟರ್, ಟ್ಯಾಪ್ (ಟ್ರಾನ್ಸ್‌ಫಾರ್ಮರಿನ ವೋಲ್ಟೇಜ್ ಹೊಂದಿಸುವ ಹೆಜ್ಜೆ) ಸಂಖ್ಯೆ, ಯಾವ ಕೆಪಾಸಿಟರ್ ಬ್ಯಾಂಕ್ (ಸ್ಥಳದಲ್ಲೇ ರಿಯಾಕ್ಟಿವ್ ಪವರ್ ಒದಗಿಸುವ ಸಾಧನ) ಚಾಲೂ ಇದೆ ಎಂಬುದನ್ನು ಬರೆಯಿರಿ. ಅದೇ ಗಡಿಯಾರಕ್ಕೆ ಹೊಂದಿಸಿಕೊಂಡು ಇನ್ನೊಬ್ಬರು ಕೊನೆಯ ಟಿಸಿಯ ಎಲ್‌ಟಿ (ಕಡಿಮೆ ವೋಲ್ಟೇಜಿನ) ಬದಿಯಲ್ಲಿ ಬರೆಯಲಿ. 33 ಕೆವಿಯೇ ಇಳಿಯುತ್ತಿದ್ದರೆ ನಿಮ್ಮ ಫೀಡರನ್ನು ಎಷ್ಟು ರಿಪೇರಿ ಮಾಡಿದರೂ ಗುಣವಾಗದು, ಮೇಲಿನ 110 ಕೆವಿ ಸ್ಟೇಷನ್ನಿನೊಂದಿಗೆ ಮಾತನಾಡಬೇಕು. 11 ಕೆವಿ ಬಸ್ ಗಟ್ಟಿಯಾಗಿದ್ದು ಕೊನೆ ಮಾತ್ರ ಇಳಿಯುತ್ತಿದ್ದರೆ ತಂತಿಯದೇ ಸಮಸ್ಯೆ.

ಮೂರು ಪರೀಕ್ಷೆಗಳು

ಇವನ್ನು ಉಪಕೇಂದ್ರದ ಅಧಿಕೃತ ಸಿಬ್ಬಂದಿಯೇ, ಮೇಲಧಿಕಾರಿಗಳಿಗೆ ತಿಳಿಸಿ ಮಾಡಬೇಕು.

ಮೊದಲನೆಯದು ಕೆಪಾಸಿಟರ್ ಪರೀಕ್ಷೆ. ಟ್ಯಾಪ್ ಚೇಂಜರನ್ನು ಮ್ಯಾನುಯಲ್‌ಗೆ ಹಾಕಿ, ಇಲ್ಲದಿದ್ದರೆ ಅದು ನಡುವೆ ಕೈಹಾಕಿ ಫಲಿತಾಂಶ ಕೆಡಿಸುತ್ತದೆ. ಒಂದು ಬ್ಯಾಂಕ್ ಚಾಲೂ ಮಾಡಿ ವೋಲ್ಟೇಜ್ ಎಷ್ಟು ಜಿಗಿಯಿತು ಎಂದು ಬರೆಯಿರಿ. ಬಸ್ಸಿನ ಶಾರ್ಟ್ ಸರ್ಕ್ಯೂಟ್ ಮಟ್ಟ (ಬಸ್ ಎಷ್ಟು ಗಟ್ಟಿ ಎಂಬುದರ ಅಳತೆ) 100 ಎಂವಿಎ ಆಗಿದ್ದು ಬ್ಯಾಂಕ್ 2 ಎಂವಿಎಆರ್ ಆಗಿದ್ದರೆ, ಹಗುರ ಲೋಡಿನಲ್ಲಿ ಜಿಗಿತ ಸುಮಾರು 2 ಶೇಕಡಾ, ಅಂದರೆ 220 ವೋಲ್ಟ್ ಇರಬೇಕು. ಅದೇ ಬ್ಯಾಂಕ್, ಅದೇ ಬಸ್, ಪೂರ್ಣ ಲೋಡಿನ ಹೊತ್ತಿನಲ್ಲಿ ಇದರ ಎರಡು ಪಟ್ಟು ಜಿಗಿದರೆ ಸಂತೋಷಪಡಬೇಡಿ. ಕೆಪಾಸಿಟರ್ ಬಲಿಷ್ಠವಾಗಿಲ್ಲ, ಲೈನ್ ಮೆತ್ತಗಾಗಿದೆ. ಅಂಚಿನ ಹತ್ತಿರ ಬಂದಂತೆ ಈ ಸಂವೇದನೆ ಏರುತ್ತಲೇ ಹೋಗುತ್ತದೆ. ಒಂದು ಬ್ಯಾಂಕ್ ತೆಗೆದು ಮತ್ತೆ ಹಾಕುವ ಮುನ್ನ ಅದರ ಚಾರ್ಜ್ ಇಳಿಯಲು ಕನಿಷ್ಠ ಹತ್ತು ನಿಮಿಷ ಬಿಡಲೇಬೇಕು. ಇದರಲ್ಲಿ ಅವಸರ ಮಾಡಿ ಬ್ಯಾಂಕ್ ಸಿಡಿದರೆ ಜೀವಕ್ಕೇ ಅಪಾಯ.

ಎರಡನೆಯದು ಟ್ಯಾಪ್ ಪರೀಕ್ಷೆ, ನನ್ನ ದೃಷ್ಟಿಯಲ್ಲಿ ಅತ್ಯಂತ ಮುಖ್ಯವಾದದ್ದು. ಇದು ಚಾಲೂ ಸ್ಥಿತಿಯಲ್ಲಿ ಟ್ಯಾಪ್ ಬದಲಿಸಬಲ್ಲ ಟ್ರಾನ್ಸ್‌ಫಾರ್ಮರಿಗೆ ಮಾತ್ರ. ಹಲವು ಸಣ್ಣ 33/11 ಕೆವಿ ಉಪಕೇಂದ್ರಗಳಲ್ಲಿ ಸಪ್ಲೈ ತೆಗೆದೇ ಟ್ಯಾಪ್ ಬದಲಿಸಬೇಕಾದ ಟ್ರಾನ್ಸ್‌ಫಾರ್ಮರುಗಳಿವೆ. ಅವನ್ನು ಲೋಡಿನಲ್ಲಿ ಮುಟ್ಟಲೇಬಾರದು. ಒಂದು ಹೆಜ್ಜೆ ಟ್ಯಾಪ್ ಏರಿಸಿ. ಹೆಜ್ಜೆ 1.25 ಶೇಕಡಾ ಆಗಿದ್ದರೆ ಹೊರ ಬದಿಯ ವೋಲ್ಟೇಜ್ ಅದಕ್ಕಿಂತ ಸ್ವಲ್ಪ ಕಡಿಮೆ ಏರಬೇಕು, ಏರಿದ್ದು ನಿಲ್ಲಬೇಕು. ಅರ್ಧದಷ್ಟೇ ಏರಿದರೆ, ಅಥವಾ ಏರಿದ್ದು ಕೆಲವೇ ನಿಮಿಷದಲ್ಲಿ ಜಾರಿ ಮೊದಲಿನ ಜಾಗಕ್ಕೇ ಬಂದರೆ, ಒಳ ಬದಿಯ ವೋಲ್ಟೇಜ್ ಎಷ್ಟು ಇಳಿಯಿತು ನೋಡಿ. ಏರಿದ ವೋಲ್ಟೇಜಿಗೆ ಲೋಡ್ ಮತ್ತೆ ಪೂರ್ತಿ ಎಳೆಯತೊಡಗಿದೆ, ಆ ಎಳೆತ ಮೇಲಿನ ಮಾರ್ಗವನ್ನು ಕುಗ್ಗಿಸಿದೆ ಎಂದರ್ಥ. ಟ್ಯಾಪ್ ಏರಿಸಿದರೆ ವೋಲ್ಟೇಜ್ ಇಳಿಯುತ್ತಿದ್ದರೆ ನೀವು ಅಂಚನ್ನು ದಾಟಿ ಆಚೆ ಬದಿಯಲ್ಲಿದ್ದೀರಿ. ಅಲ್ಲಿ ಎಲ್ಲ ನಿಯಮಗಳೂ ತಿರುವುಮುರುವು. ಸ್ವಯಂಚಾಲಿತ ಟ್ಯಾಪ್ ಚೇಂಜರಿಗೆ ಇದು ತಿಳಿಯದು. ವೋಲ್ಟೇಜ್ ಕಡಿಮೆ ಕಂಡಷ್ಟೂ ಅದು ಒಂದೊಂದೇ ಹೆಜ್ಜೆ ಏರಿಸುತ್ತಾ ಲೈನನ್ನು ಪ್ರಪಾತಕ್ಕೆ ತಳ್ಳುತ್ತದೆ. ದೂರಿನಲ್ಲಿ ಹೇಳಿದ ‘ಏರಿದಂತೆ ಕಂಡು ಮತ್ತೆ ಇಳಿಯುವುದು’ ಈ ಹೆಜ್ಜೆಗಳ ಸದ್ದೇ.

ಟ್ಯಾಪ್ ಚೇಂಜರಿನ ಕೌಂಟರನ್ನು ಬೆಳಿಗ್ಗೆ ಮತ್ತು ಸಂಜೆ ಓದುವ ಅಭ್ಯಾಸವೂ ಒಳ್ಳೆಯದು. ಕುಸಿತವಿಲ್ಲದೆ ಬರೀ ಏರಿಳಿತ, ಕೆಲವು ನಿಮಿಷಕ್ಕೊಮ್ಮೆ ಗಡಿಯಾರದಂತೆ ಮರುಕಳಿಸುತ್ತಿದ್ದರೆ, ಮೇಲಿನ ಮತ್ತು ಕೆಳಗಿನ ಎರಡು ಟ್ಯಾಪ್ ಚೇಂಜರುಗಳು ಒಂದನ್ನೊಂದು ಅಟ್ಟಿಸಿಕೊಂಡು ಓಡುತ್ತಿವೆ. ಕೆಳಗಿನದಕ್ಕೆ ಹೆಚ್ಚು ವಿಳಂಬ ಕೊಡಿ, ಟ್ಯಾಪ್ ಚೇಂಜರ್ ಸುಮ್ಮನಿರಬೇಕಾದ ವೋಲ್ಟೇಜ್ ಪಟ್ಟಿಯನ್ನು ಒಂದು ಹೆಜ್ಜೆಗಿಂತ ಧಾರಾಳವಾಗಿ ಅಗಲವಿಡಿ.

ಮೂರನೆಯ ಪರೀಕ್ಷೆಯನ್ನು ಗಿರಣಿಯವರೇ ಮಾಡಬಹುದು. ದೊಡ್ಡ ಪಾಲಿಶರ್ ಮೋಟಾರು ಚಾಲೂ ಮಾಡಿದಾಗ ವೋಲ್ಟೇಜ್ ತಗ್ಗಿ ಮತ್ತೆ ಮೇಲೇಳುತ್ತದೆಯಲ್ಲ, ಆ ಸಮಯವನ್ನು ಮೊಬೈಲಿನಲ್ಲಿ ಮೀಟರಿನ ವಿಡಿಯೊ ತೆಗೆದು ಎಣಿಸಿ. ಅದೇ ಮೋಟಾರು, ಅದೇ ಖಾಲಿ ಯಂತ್ರ, ಹಗುರ ಹೊತ್ತಿನಲ್ಲಿ ತೆಗೆದುಕೊಂಡದ್ದಕ್ಕಿಂತ ಪೀಕ್ ಹೊತ್ತಿನಲ್ಲಿ ಬಹಳ ಹೆಚ್ಚು ತೆಗೆದುಕೊಳ್ಳುತ್ತಿದ್ದರೆ ಎಚ್ಚರಿಕೆ. ಸಮತೋಲದ ಅಂಚಿಗೆ ಬಂದ ಯಾವ ವ್ಯವಸ್ಥೆಯೂ ಹಾಗೆಯೇ, ಚೇತರಿಕೆ ನಿಧಾನವಾಗುತ್ತಾ ಬರುತ್ತದೆ.

ಮೋಟಾರು ಸಿಕ್ಕಿಬೀಳುವ ಕೆಳಗಿನ ನೆಲೆ

ಇಂಡಕ್ಷನ್ ಮೋಟಾರಿನ ತಿರುಗುಬಲ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಬದಲಾಗುತ್ತದೆ. ಗರಿಷ್ಠ ಬಲ ರೇಟಿಂಗಿನ 2.2 ಪಟ್ಟು ಇರುವ ಮೋಟಾರು 70 ಶೇಕಡಾ ವೋಲ್ಟೇಜಿನಲ್ಲಿ 1.08 ಪಟ್ಟು ಮಾತ್ರ ಕೊಡಬಲ್ಲದು. 67ಕ್ಕೆ ಇಳಿದರೆ, ಅಂದರೆ 415ರ ಬದಲು 280 ವೋಲ್ಟಿಗೆ, ಪೂರ್ಣ ಲೋಡಿನ ಎಲಿವೇಟರ್, ಪಾಲಿಶರ್ ನಿಂತೇಬಿಡುತ್ತವೆ. ನಿಂತ ಮೋಟಾರು ಐದಾರು ಪಟ್ಟು ಕರೆಂಟ್ ಎಳೆಯುತ್ತದೆ, ಅದರಲ್ಲಿ ಬಹುಪಾಲು ರಿಯಾಕ್ಟಿವ್. ಅದು ಪಕ್ಕದ ಮೋಟಾರನ್ನೂ ಕೆಡವುತ್ತದೆ.

ನಮ್ಮ ಭಾಗದಲ್ಲಿ ಇದರ ಘೋರ ರೂಪ ಕಾಣುವುದು ತ್ರೀ ಫೇಸ್ ಬಂದ ಕ್ಷಣದಲ್ಲಿ. ರೈತರ ಆಟೋ ಸ್ಟಾರ್ಟರುಗಳು ಒಂದೇ ಸೆಕೆಂಡಿನಲ್ಲಿ ಒಟ್ಟಿಗೆ ಏಳುತ್ತವೆ. ರಾತ್ರಿಯಲ್ಲಿ ಕರೆಂಟ್ ಬಂದಾಗ ಗದ್ದೆಗೆ ಓಡಬೇಕಾದವನ ಕಷ್ಟ ಗೊತ್ತಿರುವ ಯಾರೂ ಆ ಸ್ಟಾರ್ಟರನ್ನು ದೂರುವುದಿಲ್ಲ, ನಾನೂ ದೂರುವುದಿಲ್ಲ. ಆದರೆ ಎಲ್ಲ ಮೋಟಾರೂ ಒಟ್ಟಿಗೆ ಎದ್ದಾಗ ವೋಲ್ಟೇಜ್ ಎಷ್ಟು ತಗ್ಗುತ್ತದೆಂದರೆ ಯಾವುದೂ ಪೂರ್ಣ ವೇಗಕ್ಕೆ ಏರುವುದಿಲ್ಲ. ಸ್ಟಾರ್–ಡೆಲ್ಟಾದಲ್ಲಿ ಮೊದಲೇ ಮೂರನೇ ಒಂದು ಬಲ. ವೋಲ್ಟೇಜ್ 75 ಶೇಕಡಾ ಆದರೆ ಅದರಲ್ಲೂ 56 ಶೇಕಡಾ ಮಾತ್ರ ಉಳಿಯುತ್ತದೆ. ವೇಗಕ್ಕೆ ಏರದ ಕಾರಣ ಕರೆಂಟ್ ಇಳಿಯುವುದಿಲ್ಲ, ಕರೆಂಟ್ ಇಳಿಯದ ಕಾರಣ ವೋಲ್ಟೇಜ್ ಏರುವುದಿಲ್ಲ. ಅದೇ ಲೈನ್, ಅದೇ ಮೋಟಾರುಗಳು ನಿನ್ನೆ 400 ವೋಲ್ಟಿನಲ್ಲಿ ಆರಾಮಾಗಿ ಓಡುತ್ತಿದ್ದವು, ಇವತ್ತು 270ರಲ್ಲಿ ಸಿಕ್ಕಿಬಿದ್ದಿವೆ. ಎರಡೂ ತಮ್ಮಷ್ಟಕ್ಕೆ ನಿಲ್ಲಬಲ್ಲ ನೆಲೆಗಳು. ಕೆಳಗಿನಿಂದ ಮೇಲಕ್ಕೆ ಬರಲು ಒಂದಿಷ್ಟು ಲೋಡ್ ಇಳಿಸಿದರೆ ಸಾಲದು, ಸಿಕ್ಕಿಬಿದ್ದ ಮೋಟಾರುಗಳನ್ನು ಬಿಡಿಸಲೇಬೇಕು. ಓವರ್‌ಲೋಡ್ ರಿಲೇಗೆ ತಂತಿ ಸುತ್ತಿ ಬೈಪಾಸ್ ಮಾಡಿರುವ ಕಡೆ ವೈಂಡಿಂಗ್ ಸುಡುವುದು ಈ ನೆಲೆಯಲ್ಲೇ.

ಔಷಧವೇ ರೋಗವಾಗುವಲ್ಲಿ

ಕೆಪಾಸಿಟರ್ ಒಳ್ಳೆಯದೇ, ಪವರ್ ಫ್ಯಾಕ್ಟರ್ 0.8ರಿಂದ 1ಕ್ಕೆ ಏರಿದರೆ, ರೋಧ ಕಡಿಮೆಯಿರುವ ಮಾರ್ಗ ಹೊರಬಲ್ಲ ಶಕ್ತಿ ಎರಡು ಪಟ್ಟಾಗುತ್ತದೆ. ಆದರೆ ಅಂಚಿನ ವೋಲ್ಟೇಜ್ ಕೂಡ ಮೇಲಕ್ಕೆ ಸರಿಯುತ್ತದೆ. ಅಂಥ ಮಾರ್ಗದಲ್ಲಿ 0.8 ಲ್ಯಾಗಿಂಗ್‌ನಲ್ಲಿ ಅಂಚು 56 ಶೇಕಡಾದಲ್ಲಿ, ಯೂನಿಟಿಯಲ್ಲಿ (ಪವರ್ ಫ್ಯಾಕ್ಟರ್ 1ರಲ್ಲಿ) 71ರಲ್ಲಿ, ಕೆಪಾಸಿಟರ್ ಬೇಕಾದ್ದಕ್ಕಿಂತ ಹೆಚ್ಚಾಗಿ 0.96 ಲೀಡಿಂಗ್ ಆದರೆ 83ರಲ್ಲಿ. ಕೆಪಾಸಿಟರ್ ಇಲ್ಲದ ದಿನಗಳಲ್ಲಿ 90 ಶೇಕಡಾ ಎಂದರೆ ಬೇಕಾದಷ್ಟು ಅಂತರವಿತ್ತು. ಎಲ್ಲ ಬ್ಯಾಂಕುಗಳೂ ಚಾಲೂ ಇರುವಾಗ ಅದೇ 90 ಎಂದರೆ ಅಂಚಿನ ತುದಿ. ಮೇಲಾಗಿ ಕೆಪಾಸಿಟರಿನ ಕೊಡುಗೆಯೂ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ: 80 ಶೇಕಡಾ ವೋಲ್ಟೇಜಿನಲ್ಲಿ 2 ಎಂವಿಎಆರ್ ಬ್ಯಾಂಕ್ ಕೊಡುವುದು 1.28 ಮಾತ್ರ. ಅತ್ಯಂತ ಬೇಕಾದಾಗಲೇ ಕೈಕೊಡುತ್ತದೆ. 1987ರ ಜುಲೈ 23ರಂದು ಟೋಕಿಯೊದಲ್ಲಿ ನಡೆದದ್ದು ಇದೇ. ಊಟದ ವಿರಾಮದ ನಂತರ ಲೋಡ್ ನಿಮಿಷಕ್ಕೆ 400 ಮೆಗಾವಾಟ್‌ನಂತೆ ಏರಿತು. ಇದ್ದ ಕೆಪಾಸಿಟರುಗಳನ್ನೆಲ್ಲ ಹಾಕಿದರೂ 500 ಕೆವಿ ಜಾಲ ಸುಮಾರು 20 ನಿಮಿಷದಲ್ಲಿ 370ರ ಹತ್ತಿರಕ್ಕೆ ಇಳಿದು ಕುಸಿಯಿತು. ಏರ್ ಕಂಡೀಷನರುಗಳು ವೋಲ್ಟೇಜ್ ಇಳಿದಷ್ಟೂ ಹೆಚ್ಚು ಕರೆಂಟ್ ಎಳೆದದ್ದು ಒಂದು ಮುಖ್ಯ ಕಾರಣ.

ನಮ್ಮಲ್ಲಿ ಆ ಪಾತ್ರವನ್ನು ಸರ್ವೋ ಸ್ಟೆಬಿಲೈಜರ್ ವಹಿಸುತ್ತದೆ. 300 ವೋಲ್ಟ್ ಬಂದಾಗ 415 ಮಾಡಿ ಕೊಡುವ ಸ್ಟೆಬಿಲೈಜರ್ ಲೈನಿನಿಂದ 1.38 ಪಟ್ಟು ಕರೆಂಟ್ ಎಳೆಯುತ್ತದೆ. ಗಿರಣಿಯ ವಿಎಫ್‌ಡಿಗಳೂ (ಮೋಟಾರಿನ ವೇಗ ನಿಯಂತ್ರಿಸುವ ಸಾಧನಗಳೂ) ಹಾಗೆಯೇ. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಗೆ ನೀರು ತಲುಪದೆಂದು ಪ್ರತಿಯೊಬ್ಬರೂ ಕಾಲುವೆಗೇ ಪಂಪ್ ಇಳಿಸಿದರೆ ಕೊನೆಗೆ ಇನ್ನೂ ಕಡಿಮೆ ತಲುಪುವಂತೆ, ಪ್ರತಿಯೊಬ್ಬರ ಸ್ಟೆಬಿಲೈಜರೂ ಅವರವರಿಗೆ ಸರಿ, ಫೀಡರಿಗೆ ಮಾರಕ. ಪ್ರತಿ ಸ್ಟೆಬಿಲೈಜರಿಗೂ ಕೆಳಮಿತಿಯ ಕಟ್‌ಆಫ್ ಇರಬೇಕು, ಅದು ಕೆಲಸ ಮಾಡುತ್ತಿರಬೇಕು.

ಮತ್ತೆ ಆ 14 ಕಿಲೋಮೀಟರ್ ಲೈನಿಗೆ ಬನ್ನಿ. 2 ಎಂವಿಎ ಲೋಡಿಗೆ 34 ಶೇಕಡಾ ಇಳಿತವಿತ್ತು. ಕೊನೆಯಲ್ಲಿ 800 ಕೆವಿಎಆರ್ ಕೆಪಾಸಿಟರ್ ಹಾಕಿದರೆ ಅದು 28ಕ್ಕೆ ಬರುತ್ತದೆ. ಕೆಪಾಸಿಟರೇ ಇಲ್ಲದೆ ತಂತಿಯನ್ನು ಇನ್ನೂ ದಪ್ಪನೆಯ ರ್‍ಯಾಬಿಟ್‌ಗೆ ಬದಲಿಸಿದರೆ 19ಕ್ಕೆ ಬರುತ್ತದೆ, ಅಂಚು 2.23ರಿಂದ 3.28 ಎಂವಿಎಗೆ ಸರಿಯುತ್ತದೆ. ಸಣ್ಣ ತಂತಿಯಲ್ಲಿ ರೋಧವೇ ದೊಡ್ಡ ಶತ್ರು, ಅದಕ್ಕೆ ಕೆಪಾಸಿಟರಿನಲ್ಲಿ ಮದ್ದಿಲ್ಲ. ಹಣ ಕಡಿಮೆಯಿದ್ದರೆ ಮೊದಲು ತಂತಿಗೆ ಖರ್ಚು ಮಾಡಿ ಎಂದು ನಾನು ಖಂಡಿತವಾಗಿ ಹೇಳುತ್ತೇನೆ. ಹಾಕುವ ಕೆಪಾಸಿಟರ್ ಲೋಡಿನ ಹತ್ತಿರ, ಮೋಟಾರಿನೊಂದಿಗೇ ಚಾಲೂ ಆಗಿ ಅದರೊಂದಿಗೇ ಆರುವಂತಿರಲಿ. ಟಿಸಿಗೆ ಕಾಯಂ ಕಟ್ಟಿದ ಕೆಪಾಸಿಟರುಗಳೇ ಕುಸಿತದ ನಂತರ ಮನೆಗಳ ವೋಲ್ಟೇಜನ್ನು ಮಿತಿ ಮೀರಿಸುವುದು.

ಕುಸಿತ ಶುರುವಾದಾಗ

ಟ್ಯಾಪ್ ಚೇಂಜರನ್ನು ಕೂಡಲೇ ತಡೆಯಿರಿ. ಏರಿಸುವ ಗುಂಡಿಯಿಂದ ಕೈ ದೂರವಿರಲಿ. ಟ್ಯಾಪ್ ಪರೀಕ್ಷೆ ತಿರುವುಮುರುವು ಫಲ ಕೊಟ್ಟಿದ್ದರೆ ಒಂದೆರಡು ಹೆಜ್ಜೆ ಇಳಿಸುವುದೇ ಸರಿ. ಆಮೇಲೆ ಲೋಡ್ ಕಡಿತ, ಮತ್ತು ಅದು ಬೇಗ ಆಗಬೇಕು. ಮೊದಲ ನಿಮಿಷದಲ್ಲಿ ಒಂದು ಶಾಖೆ ತೆಗೆದರೆ ಉಳಿಯುವ ಫೀಡರ್, ಮೂರನೆಯ ನಿಮಿಷದಲ್ಲಿ ಎರಡು ಶಾಖೆ ತೆಗೆದರೂ ಉಳಿಯದಿರಬಹುದು. ತೆಗೆಯಬೇಕಾದದ್ದು ಮೋಟಾರುಗಳು ಸಿಕ್ಕಿಬಿದ್ದಿರುವ ಕೊನೆಯ ಶಾಖೆಯನ್ನು. ಹತ್ತಿರದ ಗಿರಣಿಯನ್ನು ತೆಗೆಯುವುದು ಸುಲಭವೆಂದು ಅದನ್ನೇ ತೆಗೆದರೆ, ಅಷ್ಟೇ ಕಿಲೋವಾಟ್ ಕಡಿಮೆಯಾದರೂ ಕೊನೆಯ ತುದಿ ಏಳುವುದಿಲ್ಲ.

ಗಿರಣಿಯವರು ತಮ್ಮ ಪಾಲಿಗೆ ಅಂಡರ್‌ವೋಲ್ಟೇಜ್ ರಿಲೇ ಹಾಕಿ, ಮೋಟಾರು ನಿಲ್ಲುವ ಮಟ್ಟಕ್ಕಿಂತ ಸಾಕಷ್ಟು ಮೇಲೆ, ಕೆಲವು ಸೆಕೆಂಡುಗಳ ವಿಳಂಬದೊಂದಿಗೆ ಹೊಂದಿಸಿಕೊಳ್ಳಲಿ. ಎಲ್ಲ ಮೋಟಾರುಗಳಿಗೂ ಒಂದೇ ವಿಳಂಬ ಬೇಡ. ಚಾವಣಿಯ ಮೇಲೆ ಸೋಲಾರ್ ಇರುವ ಗಿರಣಿಗಳು ಇನ್ನೊಂದನ್ನು ಗಮನಿಸಬೇಕು: ಇನ್ವರ್ಟರ್ ಯೂನಿಟಿಯಲ್ಲಿ ಓಡುತ್ತಿದ್ದರೆ ಕಿಲೋವಾಟ್ ಮಾತ್ರ ಕಡಿಮೆಯಾಗುತ್ತದೆ, ರಿಯಾಕ್ಟಿವ್ ಎಳೆತ ಹಾಗೆಯೇ ಉಳಿಯುತ್ತದೆ. ವೋಲ್ಟೇಜ್ ತೀರ ತಗ್ಗಿ ಇನ್ವರ್ಟರ್ ಕಳಚಿಕೊಂಡರೆ ಆ ಕಿಲೋವಾಟೂ ಒಮ್ಮೆಲೇ ಫೀಡರಿನ ಮೇಲೆ ಬೀಳುತ್ತದೆ.

ಮರಳಿ ಸಪ್ಲೈ ಕೊಡುವಾಗ ಇಡೀ ಫೀಡರನ್ನು ಒಂದೇ ಸಲಕ್ಕೆ ಹಾಕಬೇಡಿ. ಎಬಿ ಸ್ವಿಚ್ಚುಗಳನ್ನು ಸಪ್ಲೈ ಇಲ್ಲದಾಗಲೇ ತೆರೆದಿಟ್ಟುಕೊಂಡು, ಹತ್ತಿರದ ಭಾಗ ಮೊದಲು ಚಾಲೂ ಮಾಡಿ, ಕರೆಂಟ್ ಇಳಿದು ನಿಂತ ಮೇಲೆ ಮುಂದಿನದಕ್ಕೆ ಹೋಗಿ. ಪ್ರತಿ ಭಾಗ ಸೇರಿಸುವಾಗಲೂ ಬ್ರೇಕರ್ ತೆಗೆದೇ ಸ್ವಿಚ್ ಹಾಕಬೇಕು. ರೈತರೊಂದಿಗೆ ಕೂತು ಮಾತನಾಡಿ, ಒಂದು ಟಿಸಿಯ ಆಟೋ ಸ್ಟಾರ್ಟರುಗಳಿಗೆ ಅರ್ಧ ನಿಮಿಷದ ಅಂತರದಲ್ಲಿ ಬೇರೆ ಬೇರೆ ಟೈಮರ್ ವಿಳಂಬ ಹಂಚಿಕೊಡಿ. ಪ್ರತಿಯೊಬ್ಬರಿಗೂ ಪೂರ್ತಿ ನೀರು ಸಿಗುತ್ತದೆಂದು ಒಂದು ಸಲ ತೋರಿಸಿದರೆ ಅವರೇ ಅದನ್ನು ಕಾಪಾಡಿಕೊಳ್ಳುತ್ತಾರೆ. ಹೊಸ ತಂತಿಗೋ ಹೊಸ ಉಪಕೇಂದ್ರಕ್ಕೋ ಅರ್ಜಿ ಕೊಡುವಾಗ ನಿಮಿಷವಾರು ದಾಖಲೆ, ಎರಡು ಹೊತ್ತಿನ ಕೆಪಾಸಿಟರ್ ಜಿಗಿತ, ಟ್ಯಾಪ್ ಪರೀಕ್ಷೆಯ ಫಲ, ಈ ಮೂರನ್ನೂ ಜೊತೆಗಿಡಿ. ‘ಲೋ ವೋಲ್ಟೇಜ್’ ಎಂಬ ಒಂದು ಸಾಲಿನ ಅರ್ಜಿಗೆ ಇನ್ನೊಂದು ಟಿಸಿ ಮಂಜೂರಾಗಬಹುದು, ಆದರೆ ಇಂಥ ಲೈನಿನಲ್ಲಿ ಹೊಸ ಟಿಸಿಯೆಂದರೆ ಅದೇ ಸಣ್ಣ ತಂತಿಯ ಕೊನೆಗೆ ಇನ್ನಷ್ಟು ಲೋಡ್.